ಎಲ್ಲರಿಗೂ ಪಾನಕ, ನನಗೆ ಬೈಪಾಸ್!

ಅಮೆರಿಕದ ಮಿನೆಸೋಟದಲ್ಲಿ ಅಕ್ಟೋಬರ್ ಬಂತೆಂದರೆ ಆರ್‌ವಿ ಎಂಬ ಗಾಲಿಮನೆಗಳನ್ನು ಚಳಿಗಾಲದ ನಿದ್ದೆಗೆ ಕಳಿಸುವ ಗಡಿಬಿಡಿ. ಅಲ್ಲಿನ ಕನ್ನಡಿಗ ಎಂಜಿನಿಯರೊಬ್ಬರ ಆರ್‌ವಿಯ ವಾಟರ್ ಹೀಟರ್, ಹೊಟ್ಟೆ ಬರಿದಾಗುವ ಮುನ್ನ ಮಾತಿಗೆ ಸಿಕ್ಕಿತು.

ಹೇಗಿದ್ದೀರಿ?

6 ಗ್ಯಾಲನ್ ಹೊಟ್ಟೆ ಸ್ವಾಮಿ, ನಿಮ್ಮ ಲೆಕ್ಕದಲ್ಲಿ ಸುಮಾರು 23 ಲೀಟರ್. ಬೇಸಿಗೆಯಲ್ಲಿ ನನ್ನ ನೆನಪು ಯಾರಿಗೂ ಇರಲ್ಲ. ಸೋಪು ಹಚ್ಚಿಕೊಂಡಾಗ ತಣ್ಣೀರು ಬಂದರೆ ಮಾತ್ರ ನನ್ನ ಹೆಸರು ಹಿಡಿದು ಕೂಗ್ತಾರೆ.

ದೀಪಾವಳಿ ಬಂತಲ್ಲ?

ಅದೇ ಹೊಟ್ಟೆಯುರಿ. ಯಜಮಾನರ ಊರಲ್ಲಿ ಅದು ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ತಿಕ್ಕಿ, ಹಿಂಡಲೆ ಬಳ್ಳಿ ಸುತ್ತಿ, ಪೂಜೆ ಮಾಡಿ ತುಂಬಿಸ್ತಾರಂತೆ. ಅದೇ ಕೆಲಸ ಮಾಡೋ ನನಗೆ ಪ್ಲಗ್ ಕಿತ್ತು ನೀರು ಚೆಲ್ಲೋ ಹಬ್ಬ!

ಚೆಲ್ಲದಿದ್ದರೆ?

ನೀರು ಹೆಪ್ಪುಗಟ್ಟಿದರೆ ನೂರಕ್ಕೆ 9ರಷ್ಟು ಉಬ್ಬುತ್ತೆ. ಇಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. ಪೈಪು, ಪಂಪು, ನಲ್ಲಿ ಎಲ್ಲಿ ಬೇಕಾದರೂ ಬಿರುಕು ಬಿಡಬಹುದು. ಐಸು ಗಟ್ಟಿಯಾಗಿರೋವರೆಗೆ ಗುಟ್ಟು ಹೊರಬೀಳಲ್ಲ. ಬೇಸಿಗೆಗೆ ಪಂಪ್ ಹಾಕಿದಾಗ ಮಂಚದ ಕೆಳಗೆ ಕಾರಂಜಿ.

ನೀರು ಚೆಲ್ಲಿದ ಮೇಲೆ ಪೈಪಿಗೆ ಹಾಕುವ ಆ ಗುಲಾಬಿ ಬಣ್ಣದ ದ್ರವ ಏನು?

ಪ್ರೊಪಿಲೀನ್ ಗ್ಲೈಕಾಲ್ ಇರೋ ಆಂಟಿಫ್ರೀಜ್. ಕಾರಿನ ರೇಡಿಯೇಟರಿಗೆ ಹಾಕೋ ಎಥಿಲೀನ್ ಗ್ಲೈಕಾಲ್ ಬೇರೆ. ಅದು ವಿಷ, ಕುಡಿಯೋ ನೀರಿನ ಪೈಪಿನ ಹತ್ತಿರವೂ ಸುಳಿಯಬಾರದು. ಪಂಪು ಈ ಗುಲಾಬಿಯನ್ನು ಎಳೆದು ತಳ್ಳುತ್ತೆ. ಯಜಮಾನರು ಬಿಸಿನೀರಿನದೊಂದು, ತಣ್ಣೀರಿನದೊಂದು ಅಂತ ನಲ್ಲಿ ತಿರುಗಿಸ್ತಾ, ಬಣ್ಣ ಕಂಡ ಮೇಲೆ ಮುಚ್ತಾ ಹೋಗ್ತಾರೆ. ಶವರಿಗೂ ಪಾನಕ, ಸಿಂಕಿನ ಕೆಳಗಿನ ಬಾಗಿದ ಪೈಪಿಗೂ ಒಂದು ಲೋಟ. ಕಕ್ಕಸಿಗೂ ಸಿಗುತ್ತೆ ಸ್ವಾಮಿ! ನನಗೆ ಬೈಪಾಸ್.

ಯಾಕೆ ಈ ಪಂಕ್ತಿಭೇದ?

ನನ್ನೊಬ್ಬನ ಹೊಟ್ಟೆಗೇ 6 ಗ್ಯಾಲನ್ ಬೇಕು. ನನ್ನನ್ನು ಬಿಟ್ಟರೆ ಎರಡು ಮೂರು ಗ್ಯಾಲನ್ನಿನಲ್ಲಿ ಊಟ ಮುಗೀತು. ಖಾಲಿ ಹೊಟ್ಟೆಯೇ ನನಗೆ ಕ್ಷೇಮ, ಅದು ಗೊತ್ತು. ಆದರೆ ಬಾಯಿಮಾತಿಗಾದರೂ ಕರೀಬೇಕಲ್ವಾ? ಪಾಪ, ಹೊರಗಡೆ ಕಾಲು ತೊಳೆಯೋ ಶವರನ್ನು ಪ್ರತಿವರ್ಷ ಮರೀತಾರೆ. ಅದು ಪ್ರತಿವರ್ಷ ಒಡೆದು ಸೇಡು ತೀರಿಸಿಕೊಳ್ಳುತ್ತೆ.

ಪ್ಲಗ್ಗಿನ ಜೊತೆ ಒಂದು ಕಡ್ಡಿಯೂ ಬರುತ್ತಂತೆ?

ಆನೋಡ್ ರಾಡ್. ನನ್ನದು ಉಕ್ಕಿನ ಮೈ, ಅದು ಮೆಗ್ನೀಸಿಯಂ. ತುಕ್ಕು ನನ್ನನ್ನು ಮುಟ್ಟೋ ಮೊದಲು ತಾನು ಕರಗುತ್ತೆ. ಮುಕ್ಕಾಲು ಪಾಲು ಸವೆದರೆ ಹೊಸದು ಹಾಕಬೇಕು. ಯಜಮಾನರು ಹೋದ ವರ್ಷ ಆ ಎಲುಬುಗೂಡನ್ನು ತಿರುಗಿಸಿ ನೋಡಿ, ‘ಇನ್ನೊಂದು ವರ್ಷ ತಳ್ಳುತ್ತೆ ಬಿಡು’ ಅಂದರು. ‘ನಿಮ್ಮ ಮ್ಯಾನೇಜರ್ ನಿಮ್ಮನ್ನು ನೋಡೋದೂ ಹೀಗೇ’ ಅಂದ್ರು ಅಮ್ಮಾವ್ರು.

ವಸಂತ ಬಂದರೆ ನೆಮ್ಮದಿಯಲ್ಲವೇ?

ಚಳಿಗಿಂತ ನನಗೆ ವಸಂತದ ಭಯವೇ ಜಾಸ್ತಿ! ಗುಲಾಬಿ ಹೋಗೋವರೆಗೆ ಪೈಪು ತೊಳೀತಾರೆ. 15 ಗ್ಯಾಲನ್ ನೀರಿಗೆ ಕಾಲು ಕಪ್ ಬ್ಲೀಚ್ ಅಳೆದು ಹಾಕ್ತಾರೆ, ಕೆಲವು ಗಂಟೆ ಬಿಟ್ಟು ಮತ್ತೆ ತೊಳೀತಾರೆ. ಮಡಿ ಹೆಂಗಸರೂ ನಾಚಬೇಕು. ಬೈಪಾಸ್ ವಾಲ್ವ್ ವಾಪಸ್ ತಿರುಗಿಸೋದು ಮಾತ್ರ ನೆನಪಿಲ್ಲ. ಬಿಸಿನೀರಿನ ನಲ್ಲಿಯಲ್ಲಿ ನೀರು ಬರ್ತಿದೆಯಲ್ಲ ಅಂತ ಧೈರ್ಯ. ಅದು ನನ್ನ ಬಾಗಿಲು ತಟ್ಟದೆ ಹೋದ ನೀರು! ನನ್ನ ಹೊಟ್ಟೆಯಲ್ಲಿ ಹನಿ ಇಲ್ಲ. ಕರೆಂಟಿನ ಸ್ವಿಚ್ ಒತ್ತಿದರು, ಒಳಗಿನ ಕಾಯಿಲ್ ನೋಡನೋಡುತ್ತ ಸುಟ್ಟುಹೋಯ್ತು.

ಆಮೇಲೆ?

‘ಈಗಿನ ಕಾಲದ ಮಾಲೇ ಹೀಗೆ’ ಅಂತ ನನಗೇ ಬೈಗುಳ. ಬೈಪಾಸ್ ತೆಗೆದು ನನ್ನನ್ನು ತುಂಬಿಸಿ, ನಲ್ಲಿ ಬುಸುಗುಟ್ಟೋದು ನಿಲ್ಲೋವರೆಗೆ ಕಾಯಲಿಕ್ಕೆ ಎಂಜಿನಿಯರ್‌ಗೆ ಪುರುಸೊತ್ತಿಲ್ಲ. ಹೊಸ ಕಾಯಿಲ್ ಬರೋವರೆಗೆ ಒಂದು ವಾರ ಕಾದರು, ತಣ್ಣೀರಲ್ಲಿ!

ಕೊನೆಯದಾಗಿ, ಓದುಗರಿಗೆ...

ಓದುಗರು ಹಾಗಿರಲಿ, ಅಗೋ ಸ್ಪ್ಯಾನರ್ ಹಿಡಿದು ಬಂದರು! ಈಗಷ್ಟೇ ನನ್ನ ನೀರಲ್ಲಿ ಪಾತ್ರೆ ತೊಳೆದಿದ್ದಾರೆ, ಒಳಗಿನ್ನೂ ಕುದೀತಿದೆ, ಒತ್ತಡವೂ ಇಳಿದಿಲ್ಲ. ಆರೋವರೆಗೆ ಬಿಟ್ಟು, ಮೇಲಿನ ವಾಲ್ವ್ ಎತ್ತಿ ಆಮೇಲೆ ಪ್ಲಗ್ ಮುಟ್ಟಬೇಕು ಅಂತ ನನ್ನ ಮೈಮೇಲೇ ಚೀಟಿ ಅಂಟಿಸಿದ್ದಾರೆ. ಇವರು ಓದೋ ಪೈಕಿ ಅಲ್ಲ. ಸ್ವಾಮಿ, ನೀವು ಸ್ವಲ್ಪ ಆ ಪಕ್ಕಕ್ಕೆ ಬಂದುಬಿಡಿ.