ಕೆಂಪಿಗೆ ಪೊಗರಲ್ಲ, ಮೇಷ್ಟ್ರೇ

ಬೆಳಗ್ಗೆ ದಾಸವಾಳ ಕೀಳ್ತಾ ನೀವು ನೋಡಿದ್ದು ನಿಜ ಮೇಷ್ಟ್ರೇ. ಕೆಂಪಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಹಾರಿದ್ಲು, ನಾನು ಜೀನಿನ ಮೇಲೆ ಅರ್ಧ ಜಾರಿದೆ. ‘ಪೊಗರು ಜಾಸ್ತಿ ಆಯ್ತು, ಲಗಾಮು ಬಿಗಿ ಹಿಡೀರಿ’ ಅಂತ ಕೂಗಿದ್ರಲ್ಲ, ಆ ಮಾತು ಮನಸ್ಸಲ್ಲೇ ಉಳೀತು. ಅವಳನ್ನ ಲಾಯಕ್ಕೆ ಕಟ್ಟಿ, ಮೈ ಉಜ್ಜಿ, ನೇರ ಬೇಲಿ ಹತ್ರ ಬಂದೆ. ಮೊಮ್ಮಗಳನ್ನ ಕುದುರೆ ಸವಾರಿಗೆ ಕಳಿಸಬಹುದಾ ಅಂತ ಹೋದ ವಾರ ಕೇಳಿದ್ರಿ ಬೇರೆ. ಎರಡೂ ಒಟ್ಟಿಗೆ ಮಾತಾಡೋಣ.

ಅಲ್ಲಿ ನೋಡಿ, ನಿಮ್ಮ ಬೇಲಿ ಮುಳ್ಳಿಗೆ ನೀಲಿ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿದೆ. ಹೋಗುವಾಗ ಅದು ಕೆಂಪಿಯ ಬಲಗಣ್ಣಿಗೆ ಬಿತ್ತು, ಸುಮ್ಮನೆ ಹೋದ್ಲು. ಬರುವಾಗ ಎಡಗಣ್ಣಿಗೆ ಬಿತ್ತು, ಅದೇ ಹೊತ್ತಿಗೆ ಗಾಳಿಗೆ ಪಟಪಟ ಅಂತು. ಅವಳಿಗೆ ಅದು ಹೊಸ ಚೀಲ. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರೋದು. ಸುತ್ತ ಹೆಚ್ಚುಕಮ್ಮಿ 350 ಡಿಗ್ರಿ ಕಾಣುತ್ತೆ. ಹಣೆಯ ನೇರ ಮುಂದೆ ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು, ಅಷ್ಟೇ ಕಾಣದೆ ಇರೋದು. ಬೇಟೆಯಾಡೋ ಮೃಗಗಳ ಬಾಯಿಂದ ತಪ್ಪಿಸಿಕೊಂಡು ಬದುಕಿ ಬಂದ ಜಾತಿ ಅದು. ಮೊದಲು ಓಡ್ಬೇಕು, ಏನಿತ್ತು ಅಂತ ಆಮೇಲೆ ತಿರುಗಿ ನೋಡ್ಬೇಕು. ನಿಂತು ಯೋಚನೆ ಮಾಡಿದ ಕುದುರೆಗೆ ಮರಿ ಹಾಕೋ ಯೋಗ ಬರ್ಲಿಲ್ಲ. ನೀವು ಪೊಗರು ಅಂದದ್ದು ಆ ಭಯ. ಅದರ ಜೊತೆಗೆ, ಓಡೋದಕ್ಕೇ ಮಾಡಿದ ಮೈಯಲ್ಲಿ ಖರ್ಚಾಗದೆ ಉಳಿದ ಓಟ.

ಆ ಓಟ ಅವಳಿಗೆ ಎಲ್ಲಿಂದ ಬಂತು ಅಂತೀರಾ? ಕೆಂಪಿ ಥರೋಬ್ರೆಡ್. ಈ ಜಾತಿ ಗಂಡು ಕುದುರೆಗಳ ವಂಶ ಹಿಡಿದು ಹಿಂದಕ್ಕೆ ಹೋದ್ರೆ ಇಂಗ್ಲೆಂಡಿಗೆ ಪೂರ್ವದ ಕಡೆಯಿಂದ ತಂದ ಮೂರೇ ಮೂರು ಕುದುರೆಗಳಿಗೆ ಹೋಗಿ ನಿಲ್ಲುತ್ತೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಮುನ್ನೂರು ವರ್ಷದಿಂದ ವೇಗ ಒಂದನ್ನೇ ನೋಡಿ ಆರಿಸಿ ಬೆಳೆಸಿದ್ದಾರೆ. ನಮ್ಮ ಬೆಂಗಳೂರು, ಮೈಸೂರು ರೇಸ್‌ಗಳಲ್ಲಿ ಓಡೋದೆಲ್ಲ ಇವೇ. ಎರಡು ವರ್ಷಕ್ಕೇ ಓಟಕ್ಕೆ ಇಳಿಸ್ತಾರೆ. ಐದಾರು ವರ್ಷಕ್ಕೆ ಎಷ್ಟೋ ಕುದುರೆಗಳ ಕೆಲಸ ಮುಗಿದೇ ಹೋಗುತ್ತೆ. ಆಯಸ್ಸು ಇಪ್ಪತ್ತೈದು ವರ್ಷ ಇರುತ್ತಲ್ಲ ಮೇಷ್ಟ್ರೇ, ಮಿಕ್ಕಿದ್ದನ್ನ ಎಲ್ಲಿ ಕಳೀಬೇಕು? ಅದೃಷ್ಟ ಇದ್ದವು ಸವಾರಿ ಶಾಲೆಗೆ, ಇಲ್ಲಾ ನಮ್ಮಂಥವರ ಲಾಯಕ್ಕೆ ಬರುತ್ತವೆ. ಅದೃಷ್ಟ ಇಲ್ಲದವುಗಳ ಮಾತು ಎತ್ತಿದ್ರೆ ನನಗೆ ಊಟ ಸೇರಲ್ಲ.

ಈಗ ಲಗಾಮಿನ ವಿಷಯ. ನಮ್ಮ ಭಾಷೆಯಲ್ಲೇ ‘ಲಗಾಮು ಹಾಕು’ ಅಂದ್ರೆ ಅಡಗಿಸು ಅಂತ ಅರ್ಥ. ನಾನೂ ಹಾಗೇ ತಿಳ್ಕೊಂಡಿದ್ದೆ. ಕೆಂಪಿ ಬಂದ ಎರಡನೇ ತಿಂಗಳು, ವರುಣಾ ನಾಲೆ ಏರಿ ಮೇಲೆ ಹೋಗ್ತಿದ್ವಿ. ಹಿಂದಿನಿಂದ ಬಂದ ಬೈಕು ಹಾರನ್ ಹೊಡೀತು. ಅವಳು ನೆಗೆದ್ಲು, ನಾನು ಎರಡೂ ಕೈಯಲ್ಲಿ ಲಗಾಮು ಜಗ್ಗಿ ಹಿಡಿದೆ. ಜಗ್ಗಿದಷ್ಟೂ ಜೋರಾಗಿ ಓಡಿದ್ಲು. ತಿರುವಿನಲ್ಲಿ ಅವಳು ಎಡಕ್ಕೆ ಹೋದ್ಲು, ನಾನು ನೇರ ಹೋದೆ. ಕೊರಳೆಲುಬು ಮುರೀತು, ಆರು ವಾರ ಕೈ ಜೋಳಿಗೆಯಲ್ಲಿ.

ಲಾಯ ನೋಡ್ಕೊಳ್ಳೋ ಭಾಯಿ ಇದ್ದಾರಲ್ಲ, ರೇಸ್ ಕುದುರೆಗಳ ಜೊತೆಗೇ ತಲೆ ನರೆಸಿಕೊಂಡವರು. ಆಸ್ಪತ್ರೆಗೆ ಬಂದವರು ನನ್ನನ್ನ ಸಮಾಧಾನ ಮಾಡ್ಲಿಲ್ಲ. ‘ಸಾರ್, ನೀವು ಓಡು ಅಂದ್ರಿ, ಅವಳು ಓಡಿದ್ಲು. ಅವಳನ್ನ ಬೈಯಬೇಡಿ’ ಅಂದ್ರು. ರೇಸಿನಲ್ಲಿ ಜಾಕಿ ಲಗಾಮು ಗಿಡ್ಡ ಮಾಡಿ ಬಿಗಿ ಹಿಡೀತಾನೆ, ಕುದುರೆ ಆ ಕಡಿವಾಣದ ಮೇಲೆ ಭಾರ ಕೊಟ್ಟು ಓಡೋದನ್ನ ಕಲಿಯುತ್ತೆ. ಬಿಗಿ ಕೈ ಅಂದ್ರೆ ಅವಳ ಪಾಠದಲ್ಲಿ ‘ಈಗ ಹೊರಡು’ ಅಂತ. ಅಲ್ಲದೆ, ಹೆದರಿದವರ ಬಾಯಿಗೆ ಕಬ್ಬಿಣ ಒತ್ತಿ ಹಿಡಿದ್ರೆ ಹೆದರಿಕೆ ಇಳಿಯುತ್ತಾ, ಏರುತ್ತಾ?

ಅವತ್ತಿಂದ ಹೊಸದಾಗಿ ಕಲಿತೆ. ಬೆದರಿದ್ರೆ ಎರಡೂ ಕೈ ಜಗ್ಗೋದಿಲ್ಲ. ಒಂದು ಕೈ ಸಡಿಲ ಬಿಟ್ಟು, ಇನ್ನೊಂದರಲ್ಲಿ ಮೆಲ್ಲಗೆ ತಿರುಗಿಸಿ ಸಣ್ಣ ಸುತ್ತಿಗೆ ತರ್ತೀನಿ. ಸುತ್ತು ತಿರುಗೋವಾಗ ನೇರ ಓಡೋ ಬಲ ಹಿಂಗಾಲಿಗೆ ಸಿಗೋದಿಲ್ಲ. ಜೊತೆಗೆ ಒಂದು ಉದ್ದ ಉಸಿರು ಬಿಡ್ತೀನಿ. ನಗಬೇಡಿ, ಅದೇ ಮುಖ್ಯ. ಸೊಳ್ಳೆ ಕೂತ್ರೆ ಕೂತಷ್ಟು ಜಾಗದ ಚರ್ಮ ಮಾತ್ರ ಅದುರಿಸಿ ಹಾರಿಸೋ ಪ್ರಾಣಿ ಅದು. ಅಂಥದ್ದಕ್ಕೆ ನನ್ನ ತೊಡೆ ಬಿಗಿಯಾಗಿದ್ದು, ನಾನು ಉಸಿರು ಹಿಡಿದಿದ್ದು ಗೊತ್ತಾಗದೆ ಇರುತ್ತಾ? ಮೇಲೆ ಕೂತವನೇ ಹೆದರಿದ್ದಾನೆ ಅಂದ್ರೆ ಹುಲಿ ಬಂದೇ ಬಂದಿದೆ ಅಂತ ಅವಳ ಲೆಕ್ಕ. ಇವತ್ತು ಬೆಳಗ್ಗೆ ಚೀಲದ ಹತ್ರ ಹಾಗೇ ಮಾಡಿದೆ. ಎರಡು ಸುತ್ತು ಆಗೋಷ್ಟರಲ್ಲಿ ಒಂದು ಕಿವಿ ಚೀಲದ ಕಡೆ ಇಟ್ಟು ಇನ್ನೊಂದನ್ನ ನನ್ನ ಕಡೆ ತಿರುಗಿಸಿದ್ಲು. ಆ ಒಂದು ಕಿವಿ ಹಿಂದಕ್ಕೆ ಬಂತು ಅಂದ್ರೆ ಅವಳು ನನ್ನನ್ನ ಕೇಳ್ತಿದ್ದಾಳೆ. ಆಮೇಲೆ ತಲೆ ಇಳಿಸಿ, ತುಟಿ ನೆಕ್ಕಿ, ಮೂಗಿನಿಂದ ಬುರ್ರ್ ಅಂತ ಉಸಿರು ಬಿಟ್ಲು. ಆ ಸದ್ದು ಕೇಳೋಕೆ ನಾನು ದಿನಾ ಐದು ಗಂಟೆಗೆ ಏಳ್ತೀನಿ.

ನಿಮ್ಮ ಮೊಮ್ಮಗಳು ಫೋನಲ್ಲಿ ಫವಾದ್ ಮಿರ್ಜಾ ಬೇಲಿ ಹಾರಿಸೋದು ತೋರಿಸಿದ್ಲು. ನಮ್ಮ ಬೆಂಗಳೂರಿನ ಹುಡುಗ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದವರು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಅವರದು ಮೂರು ಹಂತದ ಸ್ಪರ್ಧೆ. ಹಾರೋದು ಆಮೇಲೆ ಬರುತ್ತೆ, ಮೊದಲು ಡ್ರೆಸಾಜ್. ಅಂಕಣದೊಳಗೆ ಕುದುರೆ ನಡಿಗೆ, ಕುಕ್ಕುಲೋಟ, ತಿರುವು ಎಲ್ಲ ಸದ್ದಿಲ್ಲದೆ ಮಾಡಿ ತೋರಿಸಬೇಕು. ಅದನ್ನ ಅವಳಿಗೆ ತೋರಿಸಿ. ಕೈ ಅಲ್ಲಾಡೋದೇ ಕಾಣಲ್ಲ. ನಾಲೆ ಏರಿ ಮೇಲೆ ಜೀವ ಉಳಿಸೋದು ಆ ಕೈ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ನೀವು ಪ್ರೀತಿಯಿಂದ ಬೇಯಿಸಿ ಕಳಿಸೋ ಹುರುಳಿ ಇನ್ನು ಸ್ವಲ್ಪ ದಿನ ಬೇಡ. ಮಳೆ ಹಿಡ್ಕೊಂಡು ಸವಾರಿ ಕಮ್ಮಿ ಆಗಿದೆ. ಕೆಲಸ ಇಲ್ಲದ ಮೈಗೆ ಕಾಳು ಹಾಕಿದ್ರೆ ಆ ಕಾವು ಎಲ್ಲಿ ಹೋಗ್ಬೇಕು? ಬಿಟ್ಟ ಕುದುರೆ ದಿನಕ್ಕೆ ಹದಿನಾರು ಗಂಟೆವರೆಗೂ ಹುಲ್ಲು ಮೇಯುತ್ತೆ, ನಡೀತಾ ಮೇಯುತ್ತೆ. ಅದನ್ನ ನಾವು ಹನ್ನೆರಡು ಅಡಿ ಲಾಯದಲ್ಲಿ ಕಟ್ಟಿ, ಎರಡು ಹೊತ್ತು ಬಕೆಟ್ಟಲ್ಲಿ ಕಾಳು ಸುರಿದು, ಆಮೇಲೆ ಕುಣೀತಾಳೆ ಅಂತ ಬೈತೀವಿ. ಅದು ನನ್ನ ತಪ್ಪು. ಈಗ ಹಗಲೆಲ್ಲ ತೋಟದಲ್ಲಿ ಬಿಡ್ತಿದ್ದೀನಿ. ಹುಲ್ಲು, ಸ್ವಲ್ಪ ಕುದುರೆ ಮಸಾಲೆ ಸೊಪ್ಪು, ಅಷ್ಟೇ.

ಮೊಮ್ಮಗಳನ್ನ ಭಾನುವಾರ ಕರ್ಕೊಂಡು ಬನ್ನಿ. ಮೊದಲ ದಿನ ಹತ್ತಿಸಲ್ಲ. ಹಿಂದಿನಿಂದ ಬರೋದು ಬೇಡ, ನೇರ ಹಣೆ ಎದುರಿಗೂ ಬೇಡ, ಎಡ ಭುಜದ ಪಕ್ಕದಿಂದ ಮಾತಾಡ್ತಾ ಬರ್ಲಿ. ಹಗ್ಗ ಅವಳ ಕೈಗೇ ಕೊಡ್ತೀನಿ, ತೋಟದಲ್ಲಿ ಇಬ್ಬರೂ ಸುಮ್ಮನೆ ಓಡಾಡ್ಲಿ. ಬೆಲ್ಲ ತರ್ತೀನಿ ಅಂದ್ರೆ ಹುಣಿಸೆಬೀಜದಷ್ಟು ಸಾಕು, ಅಂಗೈ ಚಪ್ಪಟೆ ಹಿಡಿದು ಕೊಡೋದು ನಾನು ತೋರಿಸ್ತೀನಿ. ಆ ಚೀಲ ಮಾತ್ರ ಹಾಗೇ ಇರ್ಲಿ ಮೇಷ್ಟ್ರೇ, ಕಿತ್ತು ಹಾಕ್ಬೇಡಿ. ನಾಳೆ ಎಡಗಡೆಯಿಂದ ಇನ್ನೊಂದು ಸಲ ತೋರಿಸ್ಬೇಕು ಕೆಂಪಿಗೆ.