ಗುಂಡು ತಿರುಗಿಸಿದವರು, ಹಿಟ್ಟು ತಳ್ಳಿದವರು

ಪಿಎಚ್.ಡಿ. ಮುಗಿಯಿತು ಎಂದು ಫೋನಿನಲ್ಲಿ ಹೇಳಿದಾಗ ತೀರ್ಥಹಳ್ಳಿಯ ಕಡೆಯ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ: “ಎಂತದರ ಮೇಲೆ ಮಾಡಿದ್ದು ಮಾರಾಯಾ?”

“ರುಬ್ಬೋ ಕಲ್ಲಿನ ಮೇಲೆ ದೊಡ್ಡಮ್ಮ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ರುಬ್ಬೋ ಕಲ್ಲಿನ ಮೇಲೆ ಕೂರಬಾರದು ಅಂತ ನೀನು ಸಣ್ಣವನಿದ್ದಾಗಿಂದ ಬಡ್ಕೊಂಡೆ. ಐದು ವರ್ಷ ಅದರ ಮೇಲೇ ಕೂತಿದ್ದೆಯಾ?”

ಪ್ರಬಂಧದ ನಿಜವಾದ ಹೆಸರು ಅಷ್ಟು ಸಲೀಸಲ್ಲ. ‘ಕರ್ನಾಟಕದ ಗೃಹಕೃತ್ಯದಲ್ಲಿ ತಾಂತ್ರಿಕ ಸ್ಥಿತ್ಯಂತರ: ಒಂದು ಸಮಾಜಶಾಸ್ತ್ರೀಯ ಅಧ್ಯಯನ’. ‘ಒಂದು ಅಧ್ಯಯನ’ ಎಂಬ ಬಾಲವಿಲ್ಲದ ಪ್ರಬಂಧಕ್ಕೆ ನಮ್ಮಲ್ಲಿ ಪದವಿ ಕೊಡುವುದಿಲ್ಲವೆಂದು ಕಾಣುತ್ತದೆ. ಬಾಲ ಕತ್ತರಿಸಿ ನೋಡಿದರೆ ವಿಷಯ ಇಷ್ಟೇ: ರುಬ್ಬುವ ಕಲ್ಲು ಹೋಯಿತು, ಮಿಕ್ಸಿ ಬಂತು, ಮನೆಯೊಳಗೆ ಏನಾಯಿತು? ಅದನ್ನು ಕೇಳುತ್ತ ಐದು ವರ್ಷ ರುಬ್ಬಿದ್ದನ್ನೇ ರುಬ್ಬಿದೆ. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ಮಾಫಿಯಿದೆ. ದೋಸೆಹಿಟ್ಟಿಗೆ ಮೆಂತ್ಯ ಹಾಕುವ ಲೆಕ್ಕದಲ್ಲಿ ಪರರ ಮಾತನ್ನು ಅಳೆದು ಹಾಕಿ ಪಾರಾದೆ.

ಪಾರಾದ ಮೇಲೆ ಪ್ರಬಂಧದ ಒಂದು ಪ್ರತಿ ಶೋಧಗಂಗಾ ಸೇರುತ್ತದೆ. ದೇಶದ ಸಂಶೋಧನಾ ಪ್ರಬಂಧಗಳನ್ನೆಲ್ಲ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ಕಾಪಿಡುವ ಡಿಜಿಟಲ್ ಭಂಡಾರವದು. ಹೆಸರಿಟ್ಟವರ ಉದ್ದೇಶ ಪವಿತ್ರವೇ. ಆದರೆ ನಮ್ಮ ಜನ ಗಂಗೆಯಲ್ಲಿ ಏನನ್ನು ಬಿಡುತ್ತಾರೆ ಎಂಬುದನ್ನು ಅವರು ಸ್ವಲ್ಪ ಯೋಚಿಸಬಹುದಿತ್ತು.

ಬಿಟ್ಟು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಕಂಡುಕೊಂಡದ್ದನ್ನು ನಾಲ್ಕು ಜನರಿಗೆ ಹೇಳಬೇಕು ಎಂಬ ಚಪಲ. ಮದುವೆಮನೆಯ ಪಂಕ್ತಿಯಲ್ಲಿ ಶುರುಮಾಡಿದೆ. ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯ ಜರ್ಮನ್ ಮಿಕ್ಸರ್ ಕೆಟ್ಟುಹೋಯಿತು. ಉದ್ದಿನಬೇಳೆಯ ಜಿಗುಟು, ಒಣಕೊಬ್ಬರಿಯ ಹಟ ಆ ಯಂತ್ರ ಮಾಡಿದವರಿಗೆ ತಿಳಿಯದು. 1963ರಲ್ಲಿ ಮಾಥುರ್ ಅವರೇ ನಮ್ಮ ಅಡುಗೆಗೆ ತಡೆಯುವ ಮೋಟಾರು ಕೂರಿಸಹೊರಟರು, ಅದೇ ಸುಮೀತ್ ಮಿಕ್ಸಿ. ನಾನು ‘1963’ ಎನ್ನುವಷ್ಟರಲ್ಲಿ ಎಡಗಡೆಯವರು ತಮ್ಮ ಮದುವೆಗೆ ಉಡುಗೊರೆ ಬಂದ ಮಿಕ್ಸಿಯ ಮುಚ್ಚಳ ಹಾರಿ ಅಡುಗೆಮನೆಯ ಸೂರಿಗೆಲ್ಲ ಹುಣಿಸೆ ಚಟ್ನಿ ಮೆತ್ತಿದ ಕಥೆಗೆ ಹೋಗಿದ್ದರು. ಬಲಗಡೆಯವರು ಗಂಭೀರವಾಗಿ ಕೇಳಿದರು: “ನೀವು ಇದರಲ್ಲೇ ಡಾಕ್ಟರೇಟು ಮಾಡಿದವರು, ಹೇಳಿ. 750 ವ್ಯಾಟ್ ಸಾಕೋ, 1000 ವ್ಯಾಟ್ ತಗೊಳ್ಳಲೋ?”

ಇನ್ನೊಂದು ಕಡೆ ಕೊಯಮತ್ತೂರಿನ ಗ್ರೈಂಡರಿನಿಂದ ಶುರುಮಾಡಿದೆ. ನಮ್ಮ ಅಜ್ಜಿಯರ ಕಾಲದಲ್ಲಿ ಕಲ್ಲು ಕೂತಿರುತ್ತಿತ್ತು, ಗುಂಡು ತಿರುಗುತ್ತಿತ್ತು. 1955ರಲ್ಲಿ ಪಿ. ಸಭಾಪತಿ ರೂಪಿಸಿದ ಗ್ರೈಂಡರಿನ ಸಂತತಿಯಲ್ಲಿ ಪಾತ್ರೆಯೇ ತಿರುಗುತ್ತದೆ, ಗುಂಡು ತನ್ನ ಜಾಗ ಬಿಡುವುದಿಲ್ಲ. ಇದರಲ್ಲಿ ಏನೋ ತತ್ತ್ವವಿದೆ ಎನ್ನುತ್ತಿದ್ದಂತೆ ಕೇಳುತ್ತಿದ್ದವರು ಎದ್ದು ಕೈತೊಳೆಯಲು ಹೋದರು.

ಕೇಳಿಸಿಕೊಳ್ಳುವವರಿಲ್ಲದಿದ್ದರೂ ಹೇಳುವವರು ಮಾತ್ರ ಸಾಲುಗಟ್ಟಿದರು. ಸಂಶೋಧನೆಯ ಕಾಲದಲ್ಲಿ ಪ್ರಶ್ನಾವಳಿ ಹಿಡಿದು ಹೋದಾಗ ‘ಹೌದು’, ‘ಇಲ್ಲ’ ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಿದ್ದ ಊರು ಈಗ ತಾನಾಗಿ ಬಾಯಿಬಿಟ್ಟಿತು. ‘ಕಲ್ಲು ಕುಟ್ಟಿಸ್ತೀರಾ’ ಎಂದು ಕೂಗುತ್ತ ಬರುತ್ತಿದ್ದವರನ್ನು ಒಬ್ಬರು ನೆನೆದರು. ಸವೆದು ನುಣುಪಾದ ಕಲ್ಲಿಗೆ ಅವರು ಉಳಿಯಿಂದ ಮತ್ತೆ ತರಿ ಎಬ್ಬಿಸುತ್ತಿದ್ದರು. ಈಗ ಅದೇ ಬೀದಿಯಲ್ಲಿ ಸ್ಕೂಟರಿಗೆ ಕಟ್ಟಿದ ಸ್ಪೀಕರ್ ‘ಮಿಕ್ಸಿ ರಿಪೇರಿ, ಕುಕ್ಕರ್ ರಿಪೇರಿ’ ಎನ್ನುತ್ತದೆ. ಕೂಗಿ ಕೂಗಿ ಒಡೆಯುವ ಗಂಟಲೂ ಉಳಿಯಿತು. ಇನ್ನೊಬ್ಬರು, ಬೀಸುವಾಗ ಅಮ್ಮ ಹಾಡುತ್ತಿದ್ದಳು, ಮಿಕ್ಸಿಯ ಮುಂದೆ ಹಾಡುವುದಿರಲಿ, ಬಾಗಿಲು ಬಡಿದರೂ ಕೇಳಿಸುವುದಿಲ್ಲ ಎಂದರು. ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲೇ ‘ಗರತಿಯ ಹಾಡು’ ಅಚ್ಚುಹಾಕಿಸಿದ್ದು ಎಂಥ ಮುಂಜಾಗ್ರತೆ ಎಂದು ಆಗ ಹೊಳೆಯಿತು.

ಆಷಾಢದಲ್ಲಿ ದೊಡ್ಡಮ್ಮನ ಮನೆಗೆ ಹೋದೆ. ಬಂಗಾರದ ಅಕ್ಷರದ ಬೈಂಡ್ ಪ್ರತಿಯೊಂದನ್ನು ಕೈಗಿಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡರು, ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಆಯುಧಪೂಜೆಗೆ ಮಿಕ್ಸಿಗೂ ಅವರು ಮಾಡುವುದು ಇದನ್ನೇ. ಓದುವ ಮಾತು ಬರಲಿಲ್ಲ.

ಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿ ಎರಡು ದಿನವಾಗಿತ್ತು. ಅಕ್ಕಿ, ಉದ್ದು ನೆನೆಸಿಟ್ಟಾಗಿತ್ತು. ದೊಡ್ಡಮ್ಮ ಹಿಂದಿನ ಕೈಸಾಲೆಯ ಕಲ್ಲು ತೊಳೆದು ಕೂತರು. “ಬನ್ನಿ ಡಾಕ್ಟ್ರೇ, ಹಿಟ್ಟು ತಳ್ಳಿ.”

ಅವರು ಗುಂಡು ತಿರುಗಿಸಿದರು, ನಾನು ಅಂಚಿಗೆ ಬಂದ ಹಿಟ್ಟನ್ನು ಕುಳಿಗೆ ತಳ್ಳಿದೆ. ಗುಂಡು ಆಚೆ ಹೋದಾಗ ಕೈ ಒಳಗೆ, ಈಚೆ ಬರುವಷ್ಟರಲ್ಲಿ ಹೊರಗೆ. ತಾಳ ತಪ್ಪಿದರೆ ಬೆರಳು ಜಜ್ಜುತ್ತದೆ. ಎಂಟು ವರ್ಷದವನಿದ್ದಾಗ ಅಮ್ಮನ ಎದುರು ಕೂತು ಕಲಿತದ್ದನ್ನು ಕೈ ಮರೆತಿರಲಿಲ್ಲ. ಹುರುಪು ಬಂದು ನಾಲ್ಕನೆಯ ಅಧ್ಯಾಯ ಹೇಳಿದೆ: ಮಿಕ್ಸಿ ಬಂದು ರುಬ್ಬುವವರಿಗೆ ದಿನಕ್ಕೆ ಎಷ್ಟು ಹೊತ್ತು ಉಳಿಯಿತು ಎಂಬ ಕೋಷ್ಟಕ.

“ಉಳೀತಪ್ಪ,” ಎಂದರು ದೊಡ್ಡಮ್ಮ. “ಮೊದಲು ವಾರಕ್ಕೊಂದ್ಸಲ ದೋಸೆ, ಆಮೇಲೆ ದಿನಾ ದೋಸೆ. ನೀನು ಕೂತಿದೀಯಲ್ಲ, ಅಲ್ಲಿ ನಿಮ್ಮ ದೊಡ್ಡಪ್ಪ ಕೂತು ಹಿಟ್ಟು ತಳ್ಳೋರು. ಪೇಟೆ ಸುದ್ದಿಯೆಲ್ಲ ಆವಾಗಲೇ ಹೇಳೋರು. ಮಿಕ್ಸಿ ಬಂದ ದಿನ ಎದ್ದು ಜಗಲಿಗೆ ಹೋದ್ರು ನೋಡು, ಮತ್ತೆ ಒಳಗೆ ಬರ್ಲಿಲ್ಲ. ಹೊತ್ತು ಉಳಿದದ್ದು ಅವರಿಗೆ.”

ಜಗಲಿಯಲ್ಲಿ ದೊಡ್ಡಪ್ಪ ಕೆಮ್ಮಿದರು.

ಅಮೆರಿಕದ ಇತಿಹಾಸಕಾರ್ತಿ ರುತ್ ಶ್ವಾರ್ಟ್ಜ್ ಕೋವನ್ 1983ರ ‘ಮೋರ್ ವರ್ಕ್ ಫಾರ್ ಮದರ್’ ಪುಸ್ತಕದಲ್ಲಿ ಹೇಳಿದ್ದು ಇದನ್ನೇ. ಒಲೆ ಸುಧಾರಿಸಿದಾಗ ಕಡಿಮೆಯಾದದ್ದು ಗಂಡಸರು ಸೌದೆ ಒಡೆಯುವ ಕೆಲಸ. ಗಿರಣಿ ಬಂದಾಗ ತಪ್ಪಿದ್ದು ಗಂಡಸರ, ಮಕ್ಕಳ ದುಡಿಮೆ. ಹೆಂಗಸಿನ ಪಾಲಿಗೆ ಅಡುಗೆಯ ಬಗೆಗಳು ಹೆಚ್ಚಿದವು. ಎರಡನೆಯ ಅಧ್ಯಾಯದಲ್ಲಿ ಮೂರು ಪುಟ ಇದನ್ನು ಬರೆದು, ಮಾರ್ಗದರ್ಶಕರಿಂದ ‘ಭೇಷ್’ ಅನ್ನಿಸಿಕೊಂಡು, ಮನೆಮನೆಗೆ ಹೊರಟಾಗ ನಾನು ಕೇಳಿದ್ದು ಒಂದೇ: ರುಬ್ಬುತ್ತಿದ್ದವರು ಯಾರು? ತಳ್ಳುತ್ತಿದ್ದವರು ಯಾರು ಎಂದು ಒಂದು ಮನೆಯಲ್ಲೂ ಕೇಳಲಿಲ್ಲ. ನಾನೇ ತಳ್ಳಿದವನಾಗಿದ್ದೂ ಕೇಳಲಿಲ್ಲ.

ಒಂದು ಕಾಲಂ ಸೇರಿಸೋಣವೆಂದರೆ ಪ್ರಬಂಧ ಆಗಲೇ ಗಂಗೆಯ ಪಾಲಾಗಿದೆ.

“ಎಂತ ಯೋಚನೆ?” ಎಂದರು ದೊಡ್ಡಮ್ಮ. “ಹಿಟ್ಟು ಅಂಚಿಗೆ ಬಂತು, ತಳ್ಳು.”

ತಳ್ಳಿದೆ.