ಆರು ವಾರದ ದೊರೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಸೀಟು ಹಿಡಿಯುವುದಕ್ಕೊಂದು ಶಾಸ್ತ್ರವಿದೆ. ಗಾಡಿ ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫ್ ಎಸೆಯಬೇಕು. ಅದು ಬಿದ್ದ ಜಾಗ ನಿಮ್ಮದು. ಈ ಶಾಸ್ತ್ರದಲ್ಲಿ ನಮ್ಮ ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಯ, ಊರಿಗಮ್ ಹುಡುಗ ಪಂಡಿತನಾಗಿದ್ದ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಆರು ವಾರದ ಸಮ್ಮರ್ ಸ್ಕೂಲ್ ಓದಿ ಬಂದ ಮೇಲೆ ಪ್ಲಾಟ್‌ಫಾರಂನಲ್ಲಿ ಕ್ಯೂ ನಿಲ್ಲುತ್ತಾನೆ. ಮುಂದೆ ಯಾರೂ ಇಲ್ಲ, ಹಿಂದೆಯೂ ಯಾರೂ ಇಲ್ಲ. ಒಬ್ಬನೇ ಕ್ಯೂ. ಆಮೇಲೆ ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗಳೂರಿನವರೆಗೆ ನಿಂತೇ ಹೋಗುತ್ತಾನೆ.

ಇಂಥವರು ಈಗ ಊರಿಗೊಬ್ಬರಾದರೂ ಸಿಗುತ್ತಾರೆ. ಎರಡು ವರ್ಷ ಎಂ.ಎಸ್. ಓದಿ ಬಂದವರಿಂದ ತೊಂದರೆಯಿಲ್ಲ, ಸಾಲದ ಕಂತು ನೆನೆದು ಅವರು ಮೆತ್ತಗಾಗಿರುತ್ತಾರೆ. ಆರು ವಾರದವರದೇ ಕಷ್ಟ. ಅವರು ನೋಡಿದ್ದು ಬೇಸಿಗೆ ಮಾತ್ರ. ರಾತ್ರಿ ಒಂಬತ್ತಕ್ಕೂ ಬೆಳಕು, ಸಮುದ್ರದ ಗಾಳಿ, ಎದುರಾದವರೆಲ್ಲ 'ಸಾರಿ' ಅನ್ನುವ ದೇಶ. ಅಲ್ಲಿನ ಡಿಸೆಂಬರ್ ಒಂದನ್ನು ಕಂಡಿದ್ದರೆ ಇಷ್ಟು ಹೊಗಳುತ್ತಿರಲಿಲ್ಲ ಅಂತ ನನ್ನ ಗುಮಾನಿ.

ಮೊದಲ ತಿಂಗಳು ಮನೆಯವರು ಬಹಳ ಸಹಿಸಿದರು. ಸಾರಿಗೆ ಖಾರ ಜಾಸ್ತಿಯಾಯಿತು. ಬಚ್ಚಲ ಬಕೆಟ್ಟು ಅನಾಗರಿಕವಾಯಿತು. ಬಿಸಿಲಿನಲ್ಲಿ ಕೊಡೆ ಹಿಡಿದು ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿಗೆ ಹೋದ. ಸೊಪ್ಪಿನವಳು ಚಿಲ್ಲರೆ ಕೊಟ್ಟಾಗ ನಾಲ್ಕು ಸಲ ಥ್ಯಾಂಕ್ಯೂ ಅಂದ. ಆಕೆ ಹೆದರಿ ಚಿಲ್ಲರೆಯನ್ನು ಮತ್ತೊಮ್ಮೆ ಎಣಿಸಿಕೊಂಡಳು.

ಒಂದು ಸಂಜೆ ಕರೆಂಟು ಹೋಯಿತು. "ಅಲ್ಲಿ ಆರು ವಾರದಲ್ಲಿ ಒಂದು ಸಲವೂ ಹೋಗಲಿಲ್ಲ ತಾತ" ಅಂದ. ಚಾಂಪಿಯನ್ ರೀಫ್ ಗಣಿಯಲ್ಲಿ ಮೂವತ್ತು ವರ್ಷ ಇಳಿದು ಹತ್ತಿದ ತಾತ ಕತ್ತಲಲ್ಲೇ ಉತ್ತರ ಕೊಟ್ಟರು: "ಶಿವನಸಮುದ್ರದ ಕರೆಂಟು ಇಲ್ಲಿಗೆ ಬಂದಿದ್ದು 1902ರಲ್ಲಿ ಕಣೋ. ಬೆಂಗಳೂರಿಗೇ ಬಂದಿದ್ದು 1905ರಲ್ಲಿ. ಮೊದಲು ಬಂದಿದೆ, ಮೊದಲು ಹೋಗುತ್ತೆ."

ಪೇಸ್ಟಿಯ ಕಥೆಯೂ ಹೀಗೇ. ಕಾರ್ನಿಷ್ ಪೇಸ್ಟಿ ಅಂದರೆ ನಮ್ಮ ಬೇಕರಿ ಪಫ್ಸ್‌ನ ದೊಡ್ಡಣ್ಣ. ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸಿದ್ದು. ಅಲ್ಲಿನ ಗಣಿಯವರು ಅದನ್ನೇ ಕಟ್ಟಿಕೊಂಡು ಕೆಳಗಿಳಿಯುತ್ತಿದ್ದರಂತೆ. ಹುಡುಗ ಅದನ್ನು ಕಣ್ಣರಳಿಸಿ ವರ್ಣಿಸಿದ. ತಾತ ಕೇಳಿದ್ದು ಒಂದೇ: "ಮುದ್ದೆ ಅಷ್ಟು ಹೊತ್ತು ನಿಲ್ಲುತ್ತಾ ಅದು?"

ಆದರೆ ಕಾರ್ನ್‌ವಾಲ್ ಹೆಸರು ಕೇಳಿದ ಕೂಡಲೇ ತಾತ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಿದ್ದು ನಿಜ. ಇಲ್ಲಿನ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ದೊರೆಗಳಾಗಿ ಬಂದವರಲ್ಲಿ ಎಷ್ಟೋ ಜನ ಆ ಕಡೆಯವರೇ. ಅಲ್ಲಿ ತವರದ ಗಣಿ ಸೋತಾಗ ಅನ್ನ ಹುಡುಕಿಕೊಂಡು ದೇಶ ದೇಶ ಸುತ್ತಿದವರು. ಇಲ್ಲಿ ಅವರು ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಮಾಡಿಕೊಂಡರು; ಊರಿಗೆ 'ಲಿಟಲ್ ಇಂಗ್ಲೆಂಡ್' ಅನ್ನುವ ಹೆಸರು ಬಂತು. ಲಿಟಲ್ ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷ ಇದ್ದ ಹುಡುಗ ಇಂಗ್ಲೆಂಡ್ ನೋಡಲು ವಿಮಾನ ಹತ್ತಿದ್ದ.

ಅಲ್ಲಿ ಅವನನ್ನು ಗೀವರ್ ಅನ್ನುವ ತವರದ ಗಣಿಗೆ ಕರೆದುಕೊಂಡು ಹೋಗಿದ್ದರು. 1990ರಲ್ಲಿ ಮುಚ್ಚಿದ ಗಣಿ, ಈಗ ಮ್ಯೂಸಿಯಂ. ಆ ಪ್ರದೇಶದ ಗಣಿಗಳಿಗೆ 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟವೂ ಸಿಕ್ಕಿದೆ. ಹುಡುಗ ಟಿಕೆಟ್ ಕೊಂಡ, ಹೆಲ್ಮೆಟ್ ಹಾಕಿಕೊಂಡ, ಬಗ್ಗಿ ಬಗ್ಗಿ ಸುರಂಗ ನೋಡಿದ, ಹಳೆಯ ಗಣಿ ಕೆಲಸಗಾರನೊಬ್ಬ ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಊರಿಗೆ ಬಂದು ತಾತನ ಮುಂದೆ ಓದಿ ಹೇಳಿದ.

ತಾತ ಪೂರ್ತಿ ಕೇಳಿದರು. ಆಮೇಲೆ ತಮ್ಮ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು, ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು, ಅದೇ ಗಣಿಯೊಳಗೆ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಕಣದ ಸುಳಿವು ಹಿಡಿದರು ಅಂತ ಹೇಳಿದರು. "ನೀನು ಒಂದು ದಿನವಾದರೂ ಕೇಳಿದ್ದೀಯಾ?"

ಹುಡುಗ ಕೇಳಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಅವನಿನ್ನೂ ಹುಟ್ಟಿರಲಿಲ್ಲ. ಅವನ ಪಾಲಿಗೆ, ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬ ಅಂದರೆ ಗಾಳಿ ಬೀಸಿದಾಗ ಅಮ್ಮ ಕಿಟಕಿ ಮುಚ್ಚುವುದಕ್ಕೊಂದು ಕಾರಣ. ಮರುದಿನವೇ ಮೊಬೈಲಿನ ರೆಕಾರ್ಡರ್ ಹಾಕಿಕೊಂಡು ತಾತನ ಮುಂದೆ ಕೂತ. ತಾತ ಬಾಯಿ ಬಿಡಲಿಲ್ಲ.

"ಅಲ್ಲಿ ಟಿಕೆಟ್ ಕೊಟ್ಟು ಕೇಳಿದೆ. ಇಲ್ಲಿ ಪುಕ್ಕಟೆಯಾ?"

ದರ ಗೊತ್ತಾಯಿತು: ಗಂಟೆಗೆ ಒಂದು ಪ್ಲೇಟ್ ಬಂಗಾರಪೇಟೆ ಪಾನಿಪುರಿ, ಕೊಳದ ನೀರಿನಂತೆ ತಿಳಿಯಾಗಿರುವ ಆ ಪಾನಿಯನ್ನು ಬೇರೆ ಕಟ್ಟಿಸಿ. ಹೀಗಾಗಿ ಹುಡುಗ ಸಂಜೆ ಬಂಗಾರಪೇಟೆಯಲ್ಲಿ ಇಳಿಯುತ್ತಾನೆ. ಪಾನಿಪುರಿ ಗಾಡಿಯ ಮುಂದೆ ಮೊದಲೆರಡು ದಿನ ಕ್ಯೂ ನಿಂತು ನೋಡಿದ. ಅಂಗಡಿಯವನು ನೀರು ಚೆಲ್ಲಬೇಕು, ಪಕ್ಕಕ್ಕೆ ಸರೀಯಪ್ಪಾ ಅಂದ. ಈಗ ಎಲ್ಲರ ಹಾಗೆ ಕೈ ಚಾಚುತ್ತಾನೆ.

ಇಲ್ಲಿಯವರೆಗೆ 14 ಪ್ಲೇಟು ಆಗಿದೆ. ತಾತ ಇನ್ನೂ 1974ರಲ್ಲೇ ಇದ್ದಾರೆ.